ಕೋಲಿಗೆ ಮೆತ್ತಿದ ಮೇಣ

ಹಲಸಿನ ಮೇಣವನ್ನು ಗೆರಟೆಗೆ ಹಾಕಿ ಕೆಂಡದ ಮೇಲಿಟ್ಟಾಗ ಏಳುವ ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಮತ್ತೆ ಮರೆಯುವಂಥದ್ದಲ್ಲ. ಸಿಹಿ ಅನ್ನುವ ಹಾಗಿಲ್ಲ, ಕಮಟು ಅನ್ನುವ ಹಾಗೂ ಇಲ್ಲ. ಪಾವಂಜೆಯ ಹೊಳೆಬದಿಯಲ್ಲಿ ದಮಯಂತಿಯ ಅಣ್ಣ ಆ ಮೇಣಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು, ಕಡ್ಡಿಯಲ್ಲಿ ತಿರುವಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡದ ಕೊಂಬೆಗೆ ಮೆತ್ತಿ, ಹಕ್ಕಿ ಬಂದು ಕೂರುವುದನ್ನೇ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಅಮ್ಮನಿಗೆ ಗೊತ್ತಾದ ದಿನ ಕೋಲು ಅವನ ಬೆನ್ನಿಗೇ ಬಿತ್ತು. ಆಮೇಲೆ ಅಮ್ಮ ತೆಂಗಿನೆಣ್ಣೆಯ ಕುಪ್ಪಿ ತಂದು, ಅಂಟಿಕೊಂಡ ಹಕ್ಕಿಯನ್ನು ಮಡಿಲಲ್ಲಿಟ್ಟು, ಗರಿ ಗರಿಯನ್ನೂ ಬಿಡಿಸಿ ಹಾರಿಬಿಟ್ಟಿದ್ದಳು.

ಈಗ ಅದೇ ವಾಸನೆ, ಇಷ್ಟು ವರ್ಷದ ಮೇಲೆ, ಒಮಾನಿನ ಸಹಮ್ ಪೇಟೆಯಾಚೆ, ಏಸಿ ಕೆಟ್ಟು ಕೂತ ಆಫೀಸಿನಲ್ಲಿ, ಮೇಜಿನ ಮೇಲಿದ್ದ ಒಂದು ಕೋಲಿನಿಂದ ಬರುತ್ತಿತ್ತು.

"ಮೂಸ್ಬೇಡಿ ಆಂಟೀ, ಅದು ಎವಿಡೆನ್ಸು!" ಎಂದ ವಿನಯ್.

"ಮೂಸದೆ ಮತ್ತೆ ಎಂತ, ಪೂಜೆ ಮಾಡುವುದಾ?" ದಮಯಂತಿ ಕೋಲನ್ನು ಇನ್ನಷ್ಟು ಮೂಗಿನ ಹತ್ತಿರ ತಂದಳು. "ಮತ್ತೆ ಆಂಟಿ ಅನ್ನಬೇಡ ಅಂತ ಎಷ್ಟು ಸಲ ಹೇಳಬೇಕು ನಿನಗೆ?"

"ಸಾರಿ ಆಂಟಿ."

ದಮಯಂತಿ ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟಳು. ಜೀವಮಾನವಿಡೀ ಇಂಡಿಯನ್ ಸ್ಕೂಲಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ಬಂದ ತಾಳ್ಮೆಯೆಲ್ಲ ಈ ಮೈಸೂರಿನ ಡಾಕ್ಟರೇಟ್ ಹುಡುಗನ ಎದುರು ಬೆಳಿಗ್ಗೆಯಿಂದ ಕರಗಿ ಹೋಗಿತ್ತು. ನಿವೃತ್ತಿಯ ಮೇಲೆ ಸುಮ್ಮನೆ ಹಕ್ಕಿ ಎಣಿಸಿಕೊಂಡು ಇರೋಣ ಅಂತ ಖೋರ್ ಸಿದ್ರಾಕ್ಕೆ ಬರಲು ಶುರುಮಾಡಿದವಳು ಅವಳು. ಸಮುದ್ರದ ನೀರು ಏರಿಳಿಯುವ ಅಳಿವೆಗೆ ಇಲ್ಲಿಯವರು ಖೋರ್ ಅನ್ನುತ್ತಾರೆ. ಸುತ್ತ ಕಾಂಡ್ಲ ಕಾಡು, ಅದರಾಚೆ ಮರಳು, ನಡುವೆ ಈ ಪುಟ್ಟ ಅಭಯಾರಣ್ಯದ ಆಫೀಸು. ಕಳೆದುಹೋದ ದುರ್ಬೀನೊಂದನ್ನು ಹುಡುಕಿಕೊಟ್ಟದ್ದೇ ತಪ್ಪಾಯಿತು. ಅಂದಿನಿಂದ ಏನು ಕಾಣೆಯಾದರೂ ಟೀಚರನ್ನು ಕರೆಯಿರಿ ಅನ್ನುತ್ತಾರೆ.

ಈ ಸಲ ಕಾಣೆಯಾದದ್ದು ಬಿಳಿ ಕೊರಳಿನ ಮಿಂಚುಳ್ಳಿಗಳು. ವಿನಯ್ ಅವುಗಳ ಬೆನ್ನಿಗೆ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿ, ಎಲ್ಲಿ ಗೂಡು, ಎಲ್ಲಿ ಮೇವು ಎಂದು ತಿಳಿದುಕೊಳ್ಳುತ್ತಿದ್ದ. ಒಂದರ ಹಿಂದೊಂದು ಸಿಗ್ನಲ್ ನಿಂತವು. ನಿನ್ನೆ ಅಂಥ ಒಂದು ಟ್ರಾನ್ಸ್‌ಮಿಟರ್ ಸಿಕ್ಕಿದ್ದು ಕೆಲಸಗಾರ ಕೊಗ್ಗನ ಪಿಕಪ್ಪಿನೊಳಗೆ, ಸೀಟಿನಡಿ, ಅವನದೇ ತಲೆಗೆ ಸುತ್ತುವ ಬಟ್ಟೆಯಲ್ಲಿ. ಇವತ್ತು ನೀರಿಳಿದಾಗ ಕೆಸರಿನಲ್ಲಿ ಈ ಕೋಲು.

ಆ ಕೊಗ್ಗ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಗೋಡೆ ನೋಡುತ್ತ ಕೂತಿದ್ದ. ಐವತ್ತು ದಾಟಿದ ಆಳು. ಊರು ಕಾಪುವಿನ ಹತ್ತಿರ. ಸಿಟ್ಟು ಬಂದರೆ ತುಳುವಿನಲ್ಲಿ ಬೈಯುತ್ತಾನೆ, ಖುಷಿಯಾದರೂ ತುಳುವಿನಲ್ಲೇ ಬೈಯುತ್ತಾನೆ. ನಿನ್ನೆಯಿಂದ ಅವನ ಬಾಯಿಗೆ ಬೀಗ.

ಏಸಿ ಕೆಟ್ಟು ಕೋಣೆ ಒಲೆಯಾಗಿತ್ತು. ಇದ್ದದ್ದು ಒಂದೇ ಟೇಬಲ್ ಫ್ಯಾನು. ವಿನಯ್ ಮಾತಿನ ನಡುವೆ ಅದನ್ನು ಕಾಲಿನಿಂದ ಮೆಲ್ಲಗೆ ಕೊಗ್ಗನ ಕಡೆ ತಿರುಗಿಸಿದ್ದನ್ನು ದಮಯಂತಿ ಕಂಡಳು. ಕಂಡು ಸಿಟ್ಟು ಅರ್ಧ ಇಳಿಯಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ನೋಡಿ, ಇದ್ರಲ್ಲಿ ಹುಡ್ಕೋದಕ್ಕೆ ಏನೂ ಇಲ್ಲ," ವಿನಯ್ ಬೆರಳು ಮಡಚತೊಡಗಿದ. "ಕೋಲು ಜಾಲಿದು. ಜಾಲಿ ಕಡಿಯೋನು ಕೊಗ್ಗ. ಹಕ್ಕಿ ಕೂರೋದಕ್ಕೆ ಅಂತ ಖೋರ್ ದಂಡೇಲಿ ಕೋಲು ನೆಡೋನೂ ಕೊಗ್ಗ. ಮೆತ್ತಿರೋದು ಇಲಿ ಹಿಡಿಯೋ ಅಂಟು. ಅದನ್ನ ಸ್ಟೋರಿಗೆ ತಂದೋನೂ ಕೊಗ್ಗ. ಇನ್ನೇನು ಬೇಕು?"

"ಇದು ಇಲಿ ಅಂಟು ಅಲ್ಲ."

"ಮತ್ತೆ?"

"ಹಲಸಿನ ಮೇಣ. ಎಣ್ಣೆ ಹಾಕಿ ಕಾಯಿಸಿದ್ದು. ನಮ್ಮ ಕಡೆ ಹುಡುಗರು ಹಕ್ಕಿ ಹಿಡಿಯಲಿಕ್ಕೆ ಮಾಡ್ತಿದ್ದದ್ದು."

ಮೇಜಿನಾಚೆ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಹಿಲಾಲ್ ತಲೆಯೆತ್ತಿದರು. ಅಭಯಾರಣ್ಯದ ಮೇಲ್ವಿಚಾರಕರು ಅವರು, ಸಹಮ್‌ನವರೇ, ಹಿಂದಿ ಚೆನ್ನಾಗಿ ಬರುತ್ತಿತ್ತು, ಇವರ ಕನ್ನಡವೂ ಕೇಳಿ ಕೇಳಿ ತಿಳಿಯುತ್ತಿತ್ತು. ಆರೋಪ ಹೊತ್ತವನಿಗೂ ಮೊದಲು ಕಾಫಿ ಕೊಟ್ಟು ಆಮೇಲೆ ತಾವು ಕುಡಿಯುವ ಮನುಷ್ಯ. ಕೊಗ್ಗನ ಪಕ್ಕ ಅವರು ಇಟ್ಟ ಖರ್ಜೂರದ ತಟ್ಟೆಯನ್ನು ಅವನು ಮುಟ್ಟಿರಲಿಲ್ಲ.

"ನಿಮ್ಮ ಕಡೆ ಅಂದರೆ, ಉಸ್ತಾದಾ?" ಎಂದು ಮೃದುವಾಗಿ ಕೇಳಿದರು. ಉಸ್ತಾದಾ ಅಂದರೆ ಅವರ ಅರಬ್ಬಿಯಲ್ಲಿ ಟೀಚರು.

"ಕರಾವಳಿ. ಕರ್ನಾಟಕದ ಕರಾವಳಿ."

"ಇಲ್ಲಿ ಆ ಕಡೆಯವರು ಯಾರ್ಯಾರು?"

ದಮಯಂತಿಗೆ ತಾನು ಎಲ್ಲಿ ಕಾಲಿಟ್ಟೆ ಎಂದು ಆಗ ಹೊಳೆಯಿತು. "ಕೊಗ್ಗ," ಎಂದಳು. "ಮತ್ತೆ... ನಾನು."

"ಥ್ಯಾಂಕ್ಯೂ ಆಂಟಿ," ಎಂದ ವಿನಯ್. "ಕೇಸು ಇನ್ನೂ ಗಟ್ಟಿಯಾಯ್ತು."

ಆ ಹುಡುಗನ ತಲೆಗೆ ಅದೇ ಕೋಲಿನಿಂದ ಒಂದು ಕುಟ್ಟಬೇಕು ಅನಿಸಿತು ದಮಯಂತಿಗೆ. ಕೊಗ್ಗನ ಕಡೆ ತಿರುಗಿದಳು.

"ಕೊಗ್ಗ, ಬಾಯಿ ಬಿಡು ಮಾರಾಯ. ಟ್ರಾನ್ಸ್‌ಮಿಟರ್ ನಿನಗೆ ಎಲ್ಲಿ ಸಿಕ್ಕಿತು?"

"ಗೊತ್ತಿಲ್ಲ ಟೀಚರಕ್ಕ."

"ಗೊತ್ತಿಲ್ಲದ್ದು ನಿನ್ನ ಬಟ್ಟೆಯಲ್ಲಿ ಗಂಟು ಹಾಕಿಕೊಂಡು ಕೂತಿತ್ತಾ? ತಾನೇ ಬಂದು?"

"ಇರಬಹುದು."

"ಯಾರನ್ನಾದರೂ ನೋಡಿದ್ದೀಯಾ ಅಲ್ಲಿ?"

ಕೊಗ್ಗ ಮೊದಲ ಸಲ ಅವಳ ಮುಖ ನೋಡಿದ. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಪಕ್ಕದವನಿಗಾಗಿ ಸುಮ್ಮನಿರುವ ಮಕ್ಕಳ ನೋಟ ಅದು.

"ನೀವು ಜಾಸ್ತಿ ಕೇಳಬೇಡಿ ಟೀಚರಕ್ಕ. ನಾನು ಎಂತದೂ ಹೇಳುದಿಲ್ಲ. ಕಳಿಸುದಾದರೆ ಊರಿಗೆ ಕಳಿಸಲಿ."

"ಊರಿಗಲ್ಲ ಮಾರಾಯ, ಮೊದಲು ಸ್ಟೇಷನ್ನಿಗೆ! ನಾಳೆ ಬೆಳಿಗ್ಗೆ ಪೊಲೀಸರು ಬರ್ತಾರೆ. ಆಮೇಲೆ ವೀಸಾ ಖಲಾಸ್. ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ. ತಲೆಗೆ ಹೋಯಿತಾ?"

"ಹೋಯಿತು." ಕೊಗ್ಗ ಮತ್ತೆ ಗೋಡೆಗೆ ಮುಖ ಮಾಡಿದ.

ಇಂಥವನನ್ನು ಕಾಪಾಡುವುದು ಹೇಗೆ? ಮುಳುಗುವವನು ಕೈ ಕೊಡಬೇಕಲ್ಲ, ಇವನು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮುಳುಗುತ್ತಿದ್ದ.

ದಮಯಂತಿ ಪ್ಲಾಸ್ಟಿಕ್ ಚೀಲದಲ್ಲಿದ್ದ ಟ್ರಾನ್ಸ್‌ಮಿಟರನ್ನು ಹತ್ತಿರಕ್ಕೆ ಎಳೆದುಕೊಂಡಳು. ಹುಣಸೆ ಬೀಜದಷ್ಟು ದೊಡ್ಡದು. ಅದರಿಂದ ಇಳಿಬಿದ್ದ ಪಟ್ಟಿ ಹಕ್ಕಿಯ ರೆಕ್ಕೆಯಡಿಯಿಂದ ಬಂದು ಎದೆಯ ಮೇಲೆ ಕೂಡುವಂಥದ್ದು. ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮತ್ತೊಮ್ಮೆ ನೋಡಿದಳು.

"ವಿನಯ್, ಬಾ ಇಲ್ಲಿ. ಹಕ್ಕಿಯನ್ನು ಮಾರುವವನು ಈ ಪಟ್ಟಿಯನ್ನು ಹೇಗೆ ತೆಗೀತಾನೆ?"

"ಎಳೀತಾನೆ, ಕತ್ತರಿಸ್ತಾನೆ. ಹೇಗೋ ಒಂದು."

"ಇದನ್ನು ಕತ್ತರಿಸಿದ್ದು ಎದೆಯ ಮೇಲೆ, ಸರೀ ಹೊಲಿಗೆಯ ಮೇಲೆ. ಸಣ್ಣ ಕತ್ತರಿ. ಒಂದು ಗರಿಗೂ ತಾಗದ ಹಾಗೆ. ಅವಸರದವನ ಕೆಲಸ ಅಲ್ಲ ಇದು. ಇನ್ನು ಮುಟ್ಟಿ ನೋಡು."

"ಎವಿಡೆನ್ಸ್..."

"ಮುಟ್ಟು ಅಂದೆ!"

ವಿನಯ್ ಮುಟ್ಟಿದ. ಬೆರಳು ಉಜ್ಜಿ ನೋಡಿದ. "ಎಣ್ಣೆ?"

"ತೆಂಗಿನೆಣ್ಣೆ. ಹಲಸಿನ ಮೇಣ ಬಿಡಿಸುವುದು ಅದರಲ್ಲೇ. ಹಲಸು ಕೊಯ್ಯುವ ಮೊದಲು ನಿಮ್ಮ ಅಮ್ಮನೂ ಕೈಗೆ ಹಚ್ಚಿಕೊಳ್ತಾರೆ, ಕೇಳು ಬೇಕಾದರೆ. ಹಕ್ಕಿಯನ್ನು ಮಾರುವವನು ಕೆಸರಿನಲ್ಲಿ ಮೊಣಕಾಲೂರಿ ಅದರ ಗರಿಗೆ ಎಣ್ಣೆ ಹಚ್ಚುತ್ತ ಕೂರುವುದಿಲ್ಲ."

ಹಿಲಾಲ್ ಕಾಫಿಯ ಪುಟ್ಟ ಕಪ್ಪನ್ನು ಕೆಳಗಿಟ್ಟರು.

ದಮಯಂತಿ ತನ್ನ ಕ್ಯಾಮೆರಾ ತೆರೆದು ಚಿತ್ರವೊಂದನ್ನು ದೊಡ್ಡದು ಮಾಡಿದಳು. ನಿನ್ನೆ ಖೋರ್‌ನ ತೆಂಕು ದಂಡೆಯಲ್ಲಿ ತೆಗೆದದ್ದು. ಮಿಂಚುಳ್ಳಿಯೊಂದು ಬಾಯಲ್ಲಿ ಏಡಿ ಹಿಡಿದು ಕೂತಿತ್ತು. ಬೆನ್ನಿನ ನೀಲಿ ಗರಿ ನೆಂದ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡಿತ್ತು.

"ನೀರಿಗೆ ಬಿದ್ದು ಬಂದದ್ದು ಅಂದುಕೊಂಡಿದ್ದೆ. ಅಲ್ಲ, ಅದು ಎಣ್ಣೆ. ಕಾಲು ನೋಡಿ. ಇವನು ಹಾಕಿದ ಉಂಗುರ ಉಂಟು. ಬೆನ್ನು ನೋಡಿ. ಟ್ರಾನ್ಸ್‌ಮಿಟರ್ ಇಲ್ಲ. ಹಕ್ಕಿಯನ್ನು ಯಾರೂ ಕದಿಯಲಿಲ್ಲ ಹಿಲಾಲ್ ಸಾಬ್. ಯಾರೋ ಹಿಡಿದು, ಪಟ್ಟಿ ಬಿಚ್ಚಿ, ಒರೆಸಿ, ವಾಪಸ್ ಬಿಟ್ಟಿದ್ದಾರೆ."

ವಿನಯ್ ಕ್ಯಾಮೆರಾವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ.

"ಯಾಕೆ?" ವಿನಯ್‌ನ ದನಿ ತಗ್ಗಿತ್ತು. "ಯಾಕೆ ಬಿಚ್ಬೇಕು?"

"ಅದನ್ನು ನೀನು ಹೇಳಬೇಕು." ದಮಯಂತಿ ಪಟ್ಟಿಯ ಒಳಮೈಯನ್ನು ತಿರುಗಿಸಿ ಅವನ ಕಣ್ಣೆದುರು ಹಿಡಿದಳು. ಅಂಚಿನುದ್ದಕ್ಕೂ ಕಂದು ಕಲೆ, ಅದರಲ್ಲಿ ಅಂಟಿದ ಒಂದೆರಡು ಎಳೆಯ ಗರಿ. "ಇದು ಕೆಸರಲ್ಲ, ರಕ್ತ. ಈ ಪಟ್ಟಿ ಯಾವ ಹಕ್ಕಿಗೆ ಅಂತ ತರಿಸಿದ್ದು?"

"ಪ್ರೋಟೋಕಾಲ್ ಪ್ರಕಾರ..."

"ಪ್ರೋಟೋಕಾಲಿಗೆ ರೆಕ್ಕೆ ಉಂಟಾ? ಹಕ್ಕಿಯ ಮಾತು ಹೇಳು."

"ನನ್ ಮಾತು ಪೂರ್ತಿ ಕೇಳಿ ಆಂಟಿ! ಮೆತ್ತನೆ ಪಟ್ಟಿ ಬರೋದು ತಡವಾಯ್ತು. ಗೂಡು ಕಟ್ಟೋ ಸಮಯ ಕೈಬಿಟ್ರೆ ಒಂದು ವರ್ಷದ ಕೆಲಸ ಹೋಗುತ್ತೆ. ಕೈಲಿದ್ದಿದ್ದು ಬೇರೆ ಥರದ್ದು, ಸ್ವಲ್ಪ ಗಡುಸು. ಅಂಚು ಉಜ್ಜಿ ನಯ ಮಾಡ್ದೆ. ಸರಿಹೋಗುತ್ತೆ ಅಂದ್ಕೊಂಡೆ."

"ಹಕ್ಕಿಗಳು ಬೆನ್ನು ಕೆರೆದುಕೊಳ್ತಾ ಉಂಟು, ಮೇವು ಬಿಟ್ಟು ಕೊಂಬೆಗೆ ಮೈ ಉಜ್ತಾ ಉಂಟು ಅಂತ ನಾನು ನಿನಗೆ ಹೇಳಿದ್ದೆ. ಇದೇ ಕೋಣೆಯಲ್ಲಿ."

"ಹೇಳಿದ್ರಿ."

"ನೀನು ಎಂತ ಹೇಳಿದ್ದೆ?"

ವಿನಯ್ ನೆಲ ನೋಡಿದ. "ಅಭ್ಯಾಸ ಆಗುತ್ತೆ ಅಂದೆ."

ದಮಯಂತಿಗೆ ಮುಂದೆ ಬೈಯಲು ಬಾಯಿ ಬರಲಿಲ್ಲ. ಇವನೇನು ಕೆಟ್ಟವನಲ್ಲ. ಇವನ ಕೆಲಸದಿಂದಲೇ ಈ ಖೋರ್‌ನ ಜಾಲಿ ತೆಗೆಸಲು, ಕಾಂಡ್ಲ ನೆಡಿಸಲು ಮೇಲಿನವರು ಒಪ್ಪಿದ್ದು. ಒಳ್ಳೆಯ ಕೆಲಸದ ಅವಸರದಲ್ಲಿ ಕಣ್ಣೆದುರಿನ ಜೀವ ಕಾಣದೆ ಹೋಗುತ್ತದೆ. ಅಂದು ಅವನು ಹಾಗೆ ಅಂದಾಗ ಅವಳೂ ಮಾಡಿದ್ದೇನು? ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಚ್ಚುತ್ತಲೇ ಗಂಡನ ಮುಂದೆ ಒದರಿದ್ದಳು. ಮರುದಿನವೂ ಒದರಿದ್ದಳು. ರಾಜಗೋಪಾಲರು ಪೇಪರಿನಿಂದ ತಲೆಯನ್ನೇ ಎತ್ತಿರಲಿಲ್ಲ. ಗೋಡೆಗೆ ಹೇಳಿದರೆ ಕಡೇಪಕ್ಷ ಪ್ರತಿಧ್ವನಿಯಾದರೂ ಬರುತ್ತದೆ ಎಂದು ರೇಗಿದ್ದಳು.

"ಉಸ್ತಾದಾ," ಹಿಲಾಲ್ ಎದ್ದು ಕಿಟಕಿಯ ಬಳಿ ಹೋದರು. "ಹಕ್ಕಿಗಳು ಬದುಕಿವೆ, ಅಲ್‌ಹಮ್ದುಲಿಲ್ಲಾ. ವಿನಯ್‌ನ ತಪ್ಪು ಬೇರೆ, ಅದನ್ನು ನಾವು ಬೇರೆ ಮಾತಾಡೋಣ. ಆದರೆ ರಕ್ಷಿತ ಜಾಗಕ್ಕೆ ಬಂದು ಅಂಟು ಹಾಕಿದ ಒಬ್ಬ ಮನುಷ್ಯ ಇದ್ದಾನೆ. ನಿನ್ನೆಯೇ ಮಸ್ಕತ್ತಿಗೆ ತಿಳಿಸಿಯಾಗಿದೆ. ಅವರು ಹೆಸರು ಕೇಳುತ್ತಾರೆ. ನನಗೆ ಹಕ್ಕಿಯ ಹೆಸರು ಕೊಡಲು ಆಗುವುದಿಲ್ಲ."

"ಬೇರೆ ಹೆಸರು ಇಲ್ಲದಿದ್ದರೆ?"

"ಬೇರೆ ಹೆಸರು ಇಲ್ಲದಿದ್ದರೆ ಕೊಗ್ಗ." ಹಾಗೆ ಹೇಳುವಾಗ ಅವರು ಕೊಗ್ಗನ ಕಡೆ ನೋಡಲಿಲ್ಲ. ಕೆಳಗಿಟ್ಟ ಖರ್ಜೂರದ ತಟ್ಟೆಯನ್ನು ಎತ್ತಿ ಅವನ ಕೈಗೆ ಇನ್ನಷ್ಟು ಹತ್ತಿರ ಇಟ್ಟರು.

ದಮಯಂತಿ ಅದನ್ನು ನೋಡಿದಳು. ಯೋಚಿಸುವ ಮೊದಲೇ ಮಾತು ಹೊರಬಂತು.

"ನಾಳೆ ಪೊಲೀಸರು ಬರುವ ಮೊದಲು ಹೆಸರು ತಂದು ನಿಮ್ಮ ಮೇಜಿನ ಮೇಲೆ ಇಡ್ತೇನೆ. ಯಾರದ್ದೇ ಆಗಿರಲಿ. ಇದು ನನ್ನ ಮಾತು."

ಸ್ಟೂಲು ಧಡಾರನೆ ಉರುಳಿತು. ಕೊಗ್ಗ ಎದ್ದು ನಿಂತಿದ್ದ.

"ಬೇಡ ಟೀಚರಕ್ಕ! ಆ ಮಾತು ಕೊಡಬೇಡಿ! ನಾನೇ ಮಾಡಿದ್ದು ಅಂತ ಬರ್ಕೊಳ್ಳಿ ಸಾಬ್. ನಾನೇ. ಖಲಾಸ್!"

"ನೀನೇ ಮಾಡಿದ್ದರೆ ಹೇಳು, ಹಲಸು ಎಲ್ಲಿಂದ ತಂದೆ?" ದಮಯಂತಿ ಸರ್ರನೆ ಕೇಳಿದಳು.

ಕೊಗ್ಗ ಬಗ್ಗಿ ಉರುಳಿದ ಸ್ಟೂಲನ್ನು ಎತ್ತತೊಡಗಿದ.

"ನೋಡಿದಿರಾ? ಸುಳ್ಳು ಹೇಳಲಿಕ್ಕೂ ಬರುವುದಿಲ್ಲ ಇವನಿಗೆ. ಕೂತುಕೋ ಮಾರಾಯ. ಖರ್ಜೂರ ತಿನ್ನು."

ಹೊರಗೆ ಜಗಲಿಯಲ್ಲಿ ಬಿಸಿಗಾಳಿ ಮುಖಕ್ಕೆ ಬಡಿಯಿತು. ಸಂಜೆಯಾಗುತ್ತ ಬಂದರೂ ಮೇ ತಿಂಗಳ ಬಿಸಿಲು ಬಿಡುವ ಲಕ್ಷಣವಿರಲಿಲ್ಲ. ದಮಯಂತಿ ನವಾಝ್‌ಗೆ ಫೋನ್ ಮಾಡಿದಳು. ಸಹಮ್ ಪೇಟೆಯಲ್ಲಿ ಊರಿನ ತರಕಾರಿ ಸಿಗುವುದು ಅವನ ಅಂಗಡಿಯಲ್ಲಿ ಮಾತ್ರ. ಹಿಂದೆ ಅವಳದೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವ.

"ನವಾಝ್, ಹಲಸು ಉಂಟಾ?"

"ಉಂಟು ಟೀಚರ್. ತೊಳೆ ಬಿಡಿಸಿ, ಬೀಜ ತೆಗೆದು, ಡಬ್ಬಿಯಲ್ಲಿ ಹಾಕಿಟ್ಟದ್ದು. ಎಷ್ಟು ಕಳಿಸ್ಲಿ?"

"ಡಬ್ಬಿಯದ್ದಲ್ಲ. ಇಡೀ ಹಲಸು. ಮೇಣ ಇರುವಂಥದ್ದು."

"ಇಡೀದು ಇಲ್ಲಿ ಯಾರಿಗೆ ಬೇಕು ಟೀಚರ್? ಈ ಫ್ಲ್ಯಾಟುಗಳಲ್ಲಿ ಅದನ್ನು ಕೊಯ್ಯುವವರು ಯಾರು? ನಾನು ತರಿಸುದೇ ಇಲ್ಲ." ಆಚೆ ಕಡೆ ತಕ್ಕಡಿಯ ಸದ್ದು. "ಹಾ, ಇರಿ ಇರಿ. ಆಚೆ ಸುವೈಕ್ ಪೇಟೆಯಲ್ಲಿ ನನ್ನ ಭಾವ ಇಸ್ಮಾಯಿಲ್ ಇದ್ದಾನಲ್ಲ, ಅವನ ಅಂಗಡಿಗೆ ಒಂದು ಬಂದಿತ್ತು. ಊರಿನ ಒಬ್ಬರು ಹೇಳಿ ತರಿಸಿದ್ದಂತೆ. ಹಣ್ಣಾದದ್ದು ಬೇಡ, ಮೇಣ ಸುರೀಬೇಕು ಅಂದಿದ್ರಂತೆ. ಹಣ್ಣು ಬೇಡ ಮೇಣ ಬೇಕು ಅನ್ನುವವರನ್ನು ನಾನು ಈಗಲೇ ಕೇಳಿದ್ದು ಅಂತ ಇಸ್ಮಾಯಿಲ್ ನಗಾಡ್ತಿದ್ದ."

ದಮಯಂತಿಯ ಬೆನ್ನು ನೆಟ್ಟಗಾಯಿತು. "ಯಾರವರು? ಹೆಸರು?"

"ಅದು ನನಗೆ ಗೊತ್ತಿಲ್ಲ. ಇಸ್ಮಾಯಿಲ್ ಮಸೀದಿಯಿಂದ ಬರ್ಲಿ, ಕೇಳಿ ನಾನೇ ಫೋನ್ ಮಾಡ್ತೇನೆ. ಟೀಚರ್, ದನಿ ಎಂತ ಹೀಗೆ? ಊಟ ಮಾಡಿದ್ದೀರಾ?"

"ನೀನು ಫೋನ್ ಮಾಡು ಮೊದಲು," ಎಂದು ಗದರಿ ಇಟ್ಟಳು. ಊಟ ಮಾಡಿರಲಿಲ್ಲ. ಬೆಳಿಗ್ಗೆ ದೋಸೆ ಕಾವಲಿಯ ಮೇಲಿದ್ದಾಗಲೇ ವಿನಯ್‌ನ ಫೋನ್ ಬಂದು, ಎಲ್ಲವನ್ನೂ ಹಾಗೇ ಬಿಟ್ಟು ಓಡಿ ಬಂದಿದ್ದಳು.

ಆದರೂ ಮನಸ್ಸು ಹಗುರಾಗಿತ್ತು. ಸುವೈಕಿನಿಂದ ಒಂದು ಹೆಸರು ಬಂದರೆ ಕೊಗ್ಗ ಪಾರಾದ. ಯಾರೋ ಪುಣ್ಯಾತ್ಮ, ಹಕ್ಕಿಯ ನೋವು ನೋಡಲಾರದವನು. ಅವನ ಪರವಾಗಿಯೂ ಹಿಲಾಲ್ ಹತ್ತಿರ ಎರಡು ಮಾತಾಡಿದರಾಯಿತು. ಆದರೆ ಹೆಸರು ಕೊಡಲೇಬೇಕು. ಮಾತು ಕೊಟ್ಟಾಗಿದೆ.

ಗೇಟಿನಾಚೆ ಗಾಫ್ ಮರದ ನೆರಳಿನಲ್ಲಿ ಅವರ ಹಳೆಯ ಬಿಳಿ ಕಾರು ನಿಂತಿತ್ತು. ಅಂಗಡಿಯನ್ನು ಪಾಲುದಾರನಿಗೆ ಬಿಟ್ಟುಕೊಟ್ಟ ಮೇಲೆ ರಾಜಗೋಪಾಲರಿಗೆ ಇದೇ ಕೆಲಸ. ಹೆಂಡತಿಯನ್ನು ತಂದು ಬಿಡುವುದು, ಅವಳು ಹಕ್ಕಿ ನೋಡಿ ಮುಗಿಸುವ ತನಕ ಕಾರಿನಲ್ಲಿ ಪೇಪರು ಓದುತ್ತ ಕಾಯುವುದು, ಮತ್ತೆ ಕರೆದುಕೊಂಡು ಹೋಗುವುದು. ಇವತ್ತು ನಡುವೆ ಒಮ್ಮೆ ಮನೆಗೆ ಹೋಗಿ ಬಂದಿರಬೇಕು, ಅಂಗಿ ಬದಲಾಗಿತ್ತು.

ದಮಯಂತಿ ಬಾಗಿಲು ತೆಗೆದು ಧೊಪ್ಪನೆ ಕೂತಳು. ಇಬ್ಬರೇ ಇದ್ದಾಗ ಅವರ ಮಾತು ತುಳುವಿನಲ್ಲೇ.

"ದೇವರೇ, ಈ ಜನರ ಜೊತೆ ಹೊಡೆದಾಡಿ ನನಗೆ ಸಾಕಾಯಿತು. ಒಬ್ಬನಿಗೆ ಹೇಳಿದರೆ ಕೇಳುವುದಿಲ್ಲ, ಇನ್ನೊಬ್ಬನ ಹತ್ತಿರ ಕೇಳಿದರೆ ಹೇಳುವುದಿಲ್ಲ. ಮತ್ತೆ ಈ ಮ್ಯಾಟ್ ನೋಡಿ, ಪುನಃ ಕೆಸರು! ನನ್ನ ಬೂಟನ್ನು ಡಿಕ್ಕಿಯಲ್ಲಿ ಇಡ್ತಾ ಇದ್ದೇನೆ, ಆದರೂ ಎಲ್ಲಿಂದ ಬರ್ತದೋ."

ರಾಜಗೋಪಾಲರು ಪೇಪರು ಮಡಚಿಟ್ಟರು.

"ಏಸಿ ಜೋರು ಮಾಡಿ. ನಿಮ್ಮ ಆ ಮೊಣಕಾಲಿನ ಎಣ್ಣೆಯ ವಾಸನೆ ಬೇರೆ. ದಿನಾ ದಿನಾ ಅಷ್ಟು ಹಚ್ಚಿಕೊಂಡರೆ ನೋವು ಹೋಗ್ತದಾ? ಡಾಕ್ಟರಿಗೆ ತೋರಿಸಿ ಅಂದರೆ ತೋರಿಸುವುದಿಲ್ಲ." ಅವಳು ತಲೆಯನ್ನು ಸೀಟಿಗೆ ಒರಗಿಸಿದಳು. "ಕೊಗ್ಗ ಯಾರನ್ನೋ ಕಾಪಾಡ್ತಾ ಇದ್ದಾನೆ. ಅವನನ್ನು ನಾಳೆ ಪೊಲೀಸರಿಗೆ ಕೊಡ್ತಾರೆ. ನಾನು ಬಿಡುವುದಿಲ್ಲ. ನಿಜವಾದ ಹೆಸರು ಹಿಡಿದು ಕೊಡ್ತೇನೆ ಅಂತ ಹಿಲಾಲರಿಗೆ ಮಾತು ಕೊಟ್ಟು ಬಂದೆ."

"ಕೊಗ್ಗನನ್ನಾ?" ರಾಜಗೋಪಾಲರು ಮೆಲ್ಲಗೆ ಕೇಳಿದರು. "ಅವನ ಮೇಲೆ ಹಾಕ್ತಾರಾ?"

"ಮತ್ತೆ? ಬೆಳಿಗ್ಗೆಯೇ ಹೇಳಿದ್ದೆನಲ್ಲ? ನೀವು ಯಾವಾಗ ಕೇಳಿಸಿಕೊಳ್ತೀರಿ ನನ್ನ ಮಾತು!"

"ಕೇಳಿಸಿಕೊಳ್ತೇನೆ," ಎಂದರು ಅವರು.

ಸ್ಟಿಯರಿಂಗ್ ಹಿಡಿದು ಎದುರಿನ ಖೋರ್ ನೋಡಿದರು. ನೀರು ಏರುತ್ತಿತ್ತು. ಕಾಂಡ್ಲದ ಬೇರುಗಳು ಒಂದೊಂದಾಗಿ ಮುಳುಗುತ್ತಿದ್ದವು. ಆಮೇಲೆ ಹಿಂದಿನ ಸೀಟಿಗೆ ಕೈಚಾಚಿ, ಟವೆಲಿನಲ್ಲಿ ಸುತ್ತಿಟ್ಟ ಸ್ಟೀಲಿನ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದರು. ಕುಚ್ಚಲಕ್ಕಿ ಅನ್ನದ ಹಬೆ ಮೇಲೆದ್ದಿತು.

"ಸೌತೆಕಾಯಿ ಪದಾರ್ಥ. ಬೆಳಿಗ್ಗೆಯಿಂದ ಎಂತದೂ ತಿನ್ನಲಿಲ್ಲ ನೀನು. ನನಗೆ ಗೊತ್ತುಂಟು."

ದಮಯಂತಿ ಮುಖ ಸಡಿಲಿಸಿ ಡಬ್ಬಿಯತ್ತ ಬಾಗಿದಳು. ಸೌತೆಯ ಹಳದಿ ಹೋಳುಗಳು. ತೇಲುವ ಒಗ್ಗರಣೆ. ಹೋಳುಗಳ ನಡುವೆ, ಸಿಪ್ಪೆ ಸುಲಿದು ನೀಟಾಗಿ ಸೀಳಿ ಹಾಕಿದ, ಬೆಂದು ಬೆಳ್ಳಗಾದ ಹಲಸಿನ ಬೀಜಗಳು.

ಅವಳ ಕೈ ಅಲ್ಲೇ ನಿಂತಿತು. ಕಣ್ಣು ತಾನಾಗಿ ಕೆಳಗಿಳಿಯಿತು. ಕೆಸರಿದ್ದದ್ದು ತನ್ನ ಕಡೆಯ ಮ್ಯಾಟಿನ ಮೇಲಲ್ಲ, ಅವರ ಕಾಲ ಕೆಳಗೆ.

ಮಡಿಲಿನಲ್ಲಿದ್ದ ಫೋನ್ ಬಡಿದುಕೊಳ್ಳತೊಡಗಿತು. ನವಾಝ್.

ರಾಜಗೋಪಾಲರು ಫೋನನ್ನೂ ನೋಡಿದರು, ಹೆಂಡತಿಯನ್ನೂ ನೋಡಿದರು. ಚಮಚವನ್ನು ಟವೆಲಿನ ತುದಿಯಿಂದ ಒರೆಸಿ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಅವಳ ಎರಡೂ ಕೈಗೆ ಮೆಲ್ಲಗೆ ದಾಟಿಸಿದರು.

"ಮೊದಲು ಊಟ ಮಾಡು," ಎಂದರು.